ಮೂರು ಗೆರೆ ಖಾಲಿ

ಬೆಟಗೇರಿಯ ಉಪದೇಶಿ ಯೋನಪ್ಪ ಮಗ್ಗದ
ಅಳಲೆಕಾಯಿ ಮಸಿಯಲ್ಲಿ ಬರೆದ ಟೀಕೆ
ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ನನ್ನ ಮೇಜಿಗೆ ಬಂತು.
ಹಗಲು ಕುಣಿಮಗ್ಗ, ಸಂಜೆ ಪ್ರಾರ್ಥನೆ,
ರಾತ್ರಿ ಚಿಮಣಿಯ ಬುಡದಲ್ಲಿ ಸತ್ಯವೇದ ಬಿಚ್ಚಿ
ಬೂದಿಯಲ್ಲಿ ಕೂತು ದೇವರ ಸಂಗಡ ಜಗಳ ತೆಗೆದವನ ಮಾತಿಗೆ
ವಚನ ವಚನಕ್ಕೂ ಅರ್ಥ ಬರೆದವರು.
ನೂರಾ ಹನ್ನೆರಡು ವರ್ಷದ ಮೇಲೆ
ಅದು ಫೋನಿನಲ್ಲಿ ತೆರೆಯುವ ಹಾಗೆ ಮಾಡುವುದು ನನ್ನ ಪಾಲಿನ ಕೆಲಸ.
ಪುಟಕ್ಕೆ ಹದಿನೆಂಟು ರೂಪಾಯಿ.

ಅವರು 'ಎಲ್ಲ' ಅಂದವರಲ್ಲ, 'ಯೆಲ್ಲಾ' ಅಂದವರು.
'ಒಬ್ಬ' ಅಲ್ಲ, 'ವೊಬ್ಬ'.
ಕಂಪ್ಯೂಟರು ಒಂದೊಂದರ ಕಾಲಿಗೂ ಕೆಂಪು ಗೆರೆ ಕಟ್ಟಿತು.
ಹುಬ್ಬಳ್ಳಿಯಿಂದ, ಕೇಶ್ವಾಪುರದ ಆಫೀಸಿನಿಂದ,
ದೀನನಾಥ ಕರಕಟ್ಟಿಯವರ ಫೋನು:
"ತಿದ್ದಿಬಿಡ್ರಿ ಫ್ಲೋರಾಬಾಯಾರ,
ಹುಡುಕಿದವರಿಗೆ ಸಿಗಬೇಕಲ್ಲ?"
ಅದೂ ಖರೇನ.
ಹುಡುಕಿದರೆ ಸಿಗದ ಮಾತು ಕಪಾಟಿನಲ್ಲೇ ಇದ್ದ ಹಾಗೆ.

ಎರಡು ದಿನ ಸುಮ್ಮನೆ ಕೂತೆ.
ಆಮೇಲೆ ಆ ಸೀರೆಯ ತುಂಡನ್ನು ತಿರುವಿ ನೋಡಿದೆ.
ಮೇಲುಮುಖ ಒಂದು, ಗಂಟುಗಳಿರುವ ಹಿಂಬದಿ ಒಂದು,
ಎರಡೂ ಅದೇ ನೂಲು.
ಮೇಲೆ ಅವರ ಕಾಗುಣಿತ ಇಟ್ಟೆ,
ಕಾಣದ ಹಿಂಬದಿಗೆ ನಮ್ಮದನ್ನು ಹೆಣೆದೆ.
ಹುಡುಕುವವರು ಹಿತ್ತಲಿಂದ ಬರಲಿ,
ಓದುವವರು ತಲಬಾಗಿಲಿಂದ.

ಏಳನೆಯ ಅಧ್ಯಾಯದಲ್ಲಿ ತೊಡಕು ಬಿತ್ತು.
ದಿನಗಳು ಲಾಳಿಗಿಂತ ಜೋರು ಓಡುತ್ತವೆಂದು ಆತ ಅಳುವ ಜಾಗ.
ಉಪದೇಶಿ ಬರೆಯುತ್ತಾರೆ:
'ಈತನು ಕುರಿ ವೊಂಟೆ ಉಳ್ಳ ದೊಡ್ಡ ಮನುಷ್ಯ,
ಮಗ್ಗದ ಕುಣಿಗೆ ಕಾಲು ಇಳಿಬಿಟ್ಟವನಲ್ಲ.
ಲಾಳಿಯು ಹೋಗುವದು ನಿಜ. ಹೋದದ್ದು ತಿರುಗಿ ಬರುವದು.
ಬಾರದಿದ್ದರೆ ಬಟ್ಟೆಯು ಯೆಲ್ಲಿಂದ?'

"ವಚನಕ್ಕೆ ಎದುರು ಮಾತಾಡಿದಂಗಾತು," ಅಂತ ಕಮಿಟಿ.
"ತೆಗೀರಿ, ಇಲ್ಲಾ ಅಡಿಟಿಪ್ಪಣಿ ಹಾಕಿ ಸರಿ ಮಾಡ್ರಿ."
ನಾನಂದೆ: ಅವರು ದೇವರಿಗೆ ಎದುರು ಆಡಿಲ್ಲರಿ,
ಲಾಳಿ ಬಗ್ಗೆ ಆಡ್ಯಾರ. ಅದು ಅವರಿಗೆ ಗೊತ್ತಿತ್ತು.
ಆ ಕಡೆಯಿಂದ ಬಹಳ ಹೊತ್ತು ಬರೇ ಫ್ಯಾನಿನ ಸಪ್ಪಳ.
"ಇರ್ಲಿ ಬಿಡ್ರಿ," ಅಂದರು ಕಡೆಗೆ.

ಮುಂದೆ ನಾಕೇ ವಚನ.
ಗೋರಿಗೆ ಇಳಿದವನು ಮನೆಗೆ ತಿರುಗಿ ಬಾರನೆಂಬ ಮಾತು.
ಅಲ್ಲಿ ಅಕ್ಷರ ಸಣ್ಣದಾಗುತ್ತದೆ:
'ಈ ವಚನವು ನನಗೆ ತಿಳಿಯದು. ಬಲ್ಲವರು ಬರೆಯಿರಿ.'
ಕೆಳಗೆ ಮೂರು ಗೆರೆ ಎಳೆದಿದ್ದಾರೆ.
ಮೂರೂ ಖಾಲಿ.

ಅವರ ಮಕ್ಕಳು ಓದಿರಬೇಕು, ಪಾದ್ರಿಗಳು ಓದಿರಬೇಕು,
ಗೆದ್ದಲೂ ಒಂದು ಮೂಲೆ ಓದಿದೆ.
ಯಾರೂ ಬರೆದಿಲ್ಲ.
ಎರಡನೆಯ ಗೆರೆಯ ಮೇಲೆ ಮಾತ್ರ ಒಂದು ಚುಕ್ಕಿ,
ಬೇರೆ ಮಸಿ, ನೀಲಿ.
ಯಾರೋ ಲೇಖನಿ ಊರಿ, ತಡೆದು, ಎತ್ತಿಕೊಂಡಿದ್ದಾರೆ.

ಸಾಫ್ಟ್‌ವೇರಿಗೆ ಖಾಲಿ ಕಂಡರೆ ಆಗದು.
ಉಳಿಸು ಒತ್ತಿದ ಸಲಕ್ಕೊಮ್ಮೆ ಮೂರನ್ನೂ ನುಂಗಿ
ಎಂಟನೆಯ ಅಧ್ಯಾಯವನ್ನು ಎಳೆದು ತಂದು ಅಂಟಿಸುತ್ತದೆ,
ತಿಳಿಯದು ಅಂದವರ ಬಾಯಿಗೆ
ಗೆಳೆಯರ ಉಪದೇಶ ತುರುಕಿದ ಹಾಗೆ.
ಮಸಿಯಿಲ್ಲದ ಅಕ್ಷರ ಒಂದಿದೆ,
ಜಾಗ ಹಿಡಿಯುತ್ತದೆ, ಕಾಣುವುದಿಲ್ಲ.
ಗೆರೆಗೊಂದರಂತೆ ಅದನ್ನು ಕೂಡಿಸಿದೆ.
ನಿಂತವು.
ಬಿಲ್ಲಿನಲ್ಲಿ ಅವಕ್ಕೆ ದುಡ್ಡಿಲ್ಲ.

ಈಗ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಕೂತು
ಯಾರಾದರೂ ಬೆರಳು ಸರಿಸುತ್ತ ಬಂದರೆ
ಅಲ್ಲಿ ಒಂದು ಗಳಿಗೆ ಪರದೆ ಬರಿದಾಗುತ್ತದೆ.
ಫೋನು ಕೆಟ್ಟಿತೆಂದು ಅವರು ಅಲುಗಿಸಿಯಾರು.

ಆ ನೀಲಿ ಚುಕ್ಕಿ ಮಾತ್ರ ನನ್ನಿಂದ ಆಗಲಿಲ್ಲ.
ಹಾಕಿ ನೋಡಿದೆ, ಮೂರು ಸಲ.
ಪರದೆಯ ಮೇಲೆ ಅದು
ಮಾತು ಮುಗಿಯಿತು ಅನ್ನುವ ಹಾಗೆ ಕಾಣುತ್ತಿತ್ತು.
ಅಳಿಸಿದೆ.